ನಮ್ಮ ತಾತನ ಪಿಕಪ್ಪು ಯಾವೂರದು? – ಒಂದು ಹಳೇ ಗಾಡಿಯ ಮೂಲ ಚರಿತ್ರೆ

ಬೆಳ್ಳಿಹಬ್ಬದ ಈ ಸ್ಮರಣ ಸಂಚಿಕೆಗೆ ನಿರ್ದೇಶಕರೆಲ್ಲರೂ ಒಂದೊಂದು ಲೇಖನ ಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದರು. ನಾವು ಎಸ್.ಎಸ್.ಎಲ್.ಸಿ. ಓದಿ ನೇಗಿಲು ಹಿಡಿದವರು. ರಾಜರ ಚರಿತ್ರೆ, ಶಾಸನದ ಚರಿತ್ರೆ ಬರೆಯೋಕೆ ಬೇರೆ ವಿದ್ವಾಂಸರಿದ್ದಾರೆ. ಆದರೆ ನಮ್ಮ ಸಂಘ ಶುರುವಾದ ಮೊದಲ ತಿಂಗಳುಗಳಲ್ಲಿ ಹಾಲಿನ ಲಾರಿ ಊರೊಳಗೆ ಬರುತ್ತಿರಲಿಲ್ಲ. ಆಗ ಕ್ಯಾನುಗಳನ್ನು ದೊಡ್ಡ ರಸ್ತೆಯ ತನಕ ಹೊತ್ತದ್ದು ನಮ್ಮ ಮನೆಯ ಹಳೇ ಪಿಕಪ್ಪು. ಅದನ್ನು ಹಿರಿಯ ಸದಸ್ಯರು ಮರೆತಿರಲಾರರು. ಆ ಗಾಡಿಯ ಮೂಲ ಯಾವುದು ಎಂಬುದನ್ನು ಈಚೆಗೆ ನಾವು ಅಣ್ಣತಮ್ಮಂದಿರು ಹುಡುಕಬೇಕಾಗಿ ಬಂತು. ಹುಡುಕುತ್ತಾ ಹೋದಾಗ ಅದು ಒಂದು ಮನೆಯ ಗಾಡಿಯ ಕತೆಯಾಗಿ ಉಳಿಯದೆ ನಮ್ಮ ನಾಲ್ಕು ತಾಲ್ಲೂಕಿನ ರಸ್ತೆ, ಬೇಸಾಯ, ವ್ಯಾಪಾರ ಎಲ್ಲದರ ಕತೆಯಾಯಿತು. ಅದಕ್ಕಾಗಿ ಇಲ್ಲಿ ಬರೆಯುತ್ತಿದ್ದೇವೆ.

ಹುಡುಕಬೇಕಾದ ಕಾರಣ

ತಾತನವರು ಕೊಂಡ ಗಾಡಿ, ತಂದೆಯವರ ಕಾಲಕ್ಕೆ ದುಡಿದು, ನಮ್ಮ ಕಾಲಕ್ಕೆ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ನಿಂತಿದೆ. ಮನೆಯಲ್ಲಿ ಹಿಸ್ಸೆ ಮಾಡಿಕೊಳ್ಳುವ ಮಾತು ಬಂದಾಗ ಜಮೀನು, ತೆಂಗಿನ ತೋಟ, ಪಂಪ್‌ಸೆಟ್ಟು ಎಲ್ಲಾ ಪಾಲುಪಟ್ಟಿಯಲ್ಲಿ ಬರೆದಾಯಿತು. ಗಾಡಿಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ಆರ್.ಸಿ. ಪುಸ್ತಕದಲ್ಲಿ ‘ವಿಲ್ಲೀಸ್’ ಎಂದಿದೆ. ಬಾನೆಟ್ಟು ನೋಡಿದವರು ‘ಮಹೀಂದ್ರ’ ಅನ್ನುತ್ತಾರೆ. ಇಂಜಿನ್ ಶಬ್ದ ಕೇಳಿದವರು ‘ಟ್ರ್ಯಾಕ್ಟರು’ ಅನ್ನುತ್ತಾರೆ. ಊರಿನ ಹಿರಿಯರು ಮಾತ್ರ, ‘ಅದು ಹಿಟ್ಲರನ ಯುದ್ಧಕ್ಕೆ ಹೋಗಿ ಬಂದ ಗಾಡಿ ಕಣಪ್ಪಾ’ ಎಂದು ಈಗಲೂ ಹೇಳುತ್ತಾರೆ.

ಅದೇ ಹೊತ್ತಿಗೆ ಇಬ್ಬರು ಗಿರಾಕಿಗಳು ಬಂದರು. ಒಬ್ಬರು ಗುಜರಿಯವರು, ಕೆ.ಜಿ. ಲೆಕ್ಕದಲ್ಲಿ ಕೇಳಿದರು. ಇನ್ನೊಬ್ಬರು ಬೆಂಗಳೂರಿನ ಕಡೆಯವರು, ಹಳೇ ಗಾಡಿ ಕೊಂಡು ಮಾರುವವರು. ಯುದ್ಧದ ಜೀಪಾದರೆ ಒಳ್ಳೇ ಬೆಲೆ ಕೊಡುತ್ತೇವೆ ಎಂದರು. ನಮ್ಮ ಚಿಕ್ಕ ತಮ್ಮನ ಮಗನ ಕಾಲೇಜು ಫೀಸು ಕಟ್ಟುವ ಸಮಯ. ಎರಡು ಬೆಲೆಗೂ ಅಜಗಜಾಂತರ. ಆದ್ದರಿಂದ ಅದು ಏನು ಗಾಡಿ ಎಂಬುದನ್ನು ತೀರ್ಮಾನ ಮಾಡದೆ ವಿಧಿಯಿರಲಿಲ್ಲ.

ಮೊದಲು ದೊಡ್ಡ ಚರಿತ್ರೆ

ಜೀಪು ಎಂಬುದು ಹುಟ್ಟಿದ್ದು ಎರಡನೇ ಮಹಾಯುದ್ಧದಲ್ಲಿ. ಅಮೆರಿಕಾದ ಟೊಲೆಡೊ ನಗರದ ವಿಲ್ಲೀಸ್ ಓವರ್‌ಲ್ಯಾಂಡ್ ಕಂಪನಿ 1941ರಿಂದ ‘ಎಂ.ಬಿ.’ ಎಂಬ ಜೀಪನ್ನು ಸೈನ್ಯಕ್ಕೆ ಮಾಡಿಕೊಟ್ಟಿತು. ಬೇಡಿಕೆ ಪೂರೈಸಲಾಗದೆ ಅದೇ ನಕ್ಷೆಯಲ್ಲಿ ಫೋರ್ಡ್ ಕಂಪನಿಯೂ ‘ಜಿ.ಪಿ.ಡಬ್ಲ್ಯು.’ ಎಂಬ ಹೆಸರಲ್ಲಿ ಮಾಡಿತು. ಎರಡೂ ಸೇರಿ 6 ಲಕ್ಷಕ್ಕೂ ಮೇಲೆ ತಯಾರಾದವು. ಬರ್ಮಾ ಕಡೆಯ ಯುದ್ಧದಿಂದಾಗಿ ಸಾವಿರಾರು ಜೀಪು ನಮ್ಮ ದೇಶಕ್ಕೂ ಬಂದವು. ಯುದ್ಧ ಮುಗಿದ ಮೇಲೆ ಅವನ್ನೆಲ್ಲ ವಾಪಸು ಹೊತ್ತೊಯ್ಯಲಿಲ್ಲ, ಇಲ್ಲೇ ಮಾರಿದರು. ನಮ್ಮ ಹಿರಿಯರು ‘ಡಿಸ್ಪೋಸಲ್ ಮಾಲು’ ಎನ್ನುತ್ತಿದ್ದುದು ಇದನ್ನೇ. ಜೀಪು ಮಾತ್ರವಲ್ಲ, ಅದರ ಗೇರುಬಾಕ್ಸು, ಆಕ್ಸಲ್ಲು, ಬೋಲ್ಟು ನಟ್ಟುಗಳೂ ಎಷ್ಟೋ ವರ್ಷ ಗುಜರಿ ಅಂಗಡಿಗಳಲ್ಲಿ ಸಿಗುತ್ತಿದ್ದವು.

ಇಲ್ಲಿ ನಮ್ಮ ಮೈಸೂರು ಸೀಮೆಯವರು ತಿಳಿಯಬೇಕಾದ ಒಂದು ವಿಷಯವಿದೆ. ಮೋಟಾರು ಗಾಡಿಯನ್ನು ನಮ್ಮ ದೇಶದಲ್ಲೇ ಮಾಡಬೇಕೆಂದು 1930ರ ದಶಕದಲ್ಲೇ ಸರ್ ಎಂ. ವಿಶ್ವೇಶ್ವರಯ್ಯನವರು ಯೋಜನೆ ತಯಾರಿಸಿದ್ದರು. ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಯೂರೋಪು, ಅಮೆರಿಕಾ ಸುತ್ತಿ ಕಾರ್ಖಾನೆಗಳನ್ನು ನೋಡಿ ಬಂದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗೂಡಿದರು. ಬ್ರಿಟಿಷ್ ಸರ್ಕಾರದ ಬೆಂಬಲ ಸಿಗದೆ ಆ ಯೋಜನೆ ಅಂದಿಗೆ ಕೈಗೂಡಲಿಲ್ಲ. ಮೈಸೂರು ಸರ್ಕಾರದ ಸಹಾಯದಿಂದ ವಾಲ್‌ಚಂದರು 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. ಅದೇ ಇಂದಿನ ಎಚ್.ಎ.ಎಲ್. ಆಮೇಲೆ 1944ರಲ್ಲಿ ಅವರೇ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು. ಮುಂಬಯಿಯ ಕುರ್ಲಾದಲ್ಲಿ ಡಾಡ್ಜ್, ಫಾರ್ಗೊ ಲಾರಿಗಳು ಬಂದದ್ದು ಅಲ್ಲಿಂದಲೇ. ಡಾಡ್ಜ್ ಬೇರೆ, ಫಾರ್ಗೊ ಬೇರೆ ಎಂದು ನಮ್ಮ ಕಡೆ ವಾದ ಮಾಡುವವರುಂಟು. ಅವೆರಡೂ ಕ್ರೈಸ್ಲರ್ ಕಂಪನಿಯವೇ, ಹೆಚ್ಚಾಗಿ ವ್ಯತ್ಯಾಸ ಹೆಸರಿನ ಪಟ್ಟಿಯಲ್ಲಿ ಮಾತ್ರ.

ಜೀಪಿನ ದಾರಿ ಬೇರೆ. 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ‘ಮಹೀಂದ್ರ ಅಂಡ್ ಮೊಹಮ್ಮದ್’ ಎಂಬ ಕಂಪನಿ ಶುರುವಾಯಿತು. ಪಾಲುದಾರರಾದ ಗುಲಾಂ ಮೊಹಮ್ಮದ್ ಅವರು ದೇಶ ವಿಭಜನೆಯಾದಾಗ ಪಾಕಿಸ್ತಾನಕ್ಕೆ ಹೋಗಿ ಅಲ್ಲಿ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿಯ ಹೆಸರು ‘ಮಹೀಂದ್ರ ಅಂಡ್ ಮಹೀಂದ್ರ’ ಆಯಿತು. ಇವರು ವಿಲ್ಲೀಸ್ ಜೀಪುಗಳನ್ನು ಬಿಡಿ ಬಿಡಿಯಾಗಿ ಪೆಟ್ಟಿಗೆಗಳಲ್ಲಿ ತರಿಸಿ ಮುಂಬಯಿಯಲ್ಲಿ ಜೋಡಿಸಿ ಮಾರಿದರು. ಅಂದರೆ ಆ ಕಾಲದ ಗಾಡಿ ವಿಲ್ಲೀಸೂ ಹೌದು, ಮಹೀಂದ್ರವೂ ಹೌದು. ನಮ್ಮ ಊರಿನ ಅರ್ಧ ಜಗಳ ಇಲ್ಲಿಗೇ ತೀರಿತು! 1953–54ರ ಹೊತ್ತಿಗೆ, ಬರೀ ಜೋಡಿಸಿದರೆ ಸಾಲದು, ಇಲ್ಲೇ ಭಾಗಗಳನ್ನು ತಯಾರಿಸಬೇಕು ಎಂದು ಕೇಂದ್ರ ಸರ್ಕಾರ ನೀತಿ ಮಾಡಿತು. ಫೋರ್ಡ್, ಜನರಲ್ ಮೋಟಾರ್ಸ್ ಕಂಪನಿಯವರು ಜೋಡಣೆ ನಿಲ್ಲಿಸಿ ಹೊರಟರು. ಉಳಿದವರು ಒಂದೊಂದೇ ಭಾಗ ಇಲ್ಲಿ ತಯಾರಿಸಲು ಹೊರಟರು. ಟಾಟಾದವರು ಜರ್ಮನಿಯ ಬೆಂಜ್ ಜೊತೆ ಸೇರಿ ಲಾರಿ ಬಿಟ್ಟದ್ದೂ 1954ರಲ್ಲೇ.

ಗಾಡಿ ತನ್ನ ಕತೆ ತಾನೇ ಹೇಳಿದ್ದು

ಹಾಸನದಲ್ಲಿ ಜೀಪಿನ ಕೆಲಸದಲ್ಲೇ ಕೂದಲು ಬೆಳ್ಳಗಾದ ಮೇಸ್ತ್ರಿಯೊಬ್ಬರನ್ನು ಕರೆತಂದೆವು. ಅವರು ಪುಸ್ತಕ ನೋಡಲಿಲ್ಲ. ‘ಗೌಡ್ರೇ, ಮೊದಲು ಒಂದು ಬಕೆಟ್ ಸೀಮೆಎಣ್ಣೆ, ಒಂದು ತಂತಿ ಬ್ರಷ್ಷು ಕೊಡಿ’ ಎಂದರು. ಎರಡು ದಿನ ಜಿಡ್ಡು ಕೆರೆದದ್ದೇ ಕೆಲಸ. ಕಂಡದ್ದನ್ನು ನಾವು ನೋಟ್ ಪುಸ್ತಕದಲ್ಲಿ ಬರೆದುಕೊಂಡೆವು. ಹಳೇ ಜೀಪು ಇಟ್ಟಿರುವ ಸದಸ್ಯರಿಗೆ ಉಪಯೋಗವಾದೀತೆಂದು ಇಲ್ಲಿ ಕೊಡುತ್ತೇವೆ.

ಒಂದು, ಮುಂದಿನ ಜಾಲರಿ. ಯುದ್ಧದ ಜೀಪಿನ ತಗಡು ಜಾಲರಿಯಲ್ಲಿ 9 ಸೀಳು ಇರುತ್ತವೆ. ದೀಪಗಳು ಚಿಕ್ಕವು, ಜಾಲರಿಯ ಹಿಂದೆ ಅಡಗಿರುತ್ತವೆ. ಯುದ್ಧದ ನಂತರ ನಾಗರಿಕರಿಗೆ ಮಾಡಿದ ಜೀಪಿನಲ್ಲಿ 7 ಸೀಳು, ದೀಪ ದೊಡ್ಡದು, ಮುಂದಕ್ಕೆ ಬಂದಿರುತ್ತದೆ. ನಮ್ಮದು 7 ಸೀಳಿನದು. ಆದರೆ ಜಾಲರಿ ಬದಲಾಯಿಸಿರಬಹುದಲ್ಲ? ಆದ್ದರಿಂದ ಇದೊಂದರಿಂದ ತೀರ್ಪು ಹೇಳುವಂತಿಲ್ಲ.

ಎರಡು, ಸ್ಟೇರಿಂಗು. ಯುದ್ಧದ ಜೀಪುಗಳಿಗೆಲ್ಲ ಸ್ಟೇರಿಂಗು ಎಡಗಡೆ. ಆಮೇಲೆ ಬಲಕ್ಕೆ ತಂದಿದ್ದರೆ ಎಡಗಡೆ ತಗಡಿನಲ್ಲಿ ಮುಚ್ಚಿದ ತೂತು, ಬೆಸುಗೆ ಗುರುತು ಇರಲೇಬೇಕು. ನಮ್ಮ ಗಾಡಿಯಲ್ಲಿ ಅಂಥ ಗುರುತಿಲ್ಲ. ಹುಟ್ಟಿನಿಂದಲೇ ಬಲಗೈ ಗಾಡಿ.

ಮೂರು, ಮುಂದಿನ ಗಾಜು. ಯುದ್ಧದ ಜೀಪಿಗೂ ಅದರ ಹಿಂದೆಯೇ ಬಂದ ‘ಸಿ.ಜೆ. 2ಎ’ಗೂ ಗಾಜು ಎರಡು ಭಾಗ. 1949ರಿಂದ ಬಂದ ‘ಸಿ.ಜೆ. 3ಎ’ಗೆ ಒಂದೇ ಗಾಜು. ನಮ್ಮದರಲ್ಲಿ ಒಂದೇ ಗಾಜು, ಚೌಕಟ್ಟೂ ಮೂಲದ್ದೇ.

ನಾಲ್ಕು, ಬಾನೆಟ್ಟು. 1953ರಲ್ಲಿ ಬಂದ ‘ಸಿ.ಜೆ. 3ಬಿ’ ಜೀಪಿನಲ್ಲಿ ಒಳಗಾಳಿಯ ವಾಲ್ವುಗಳನ್ನು ಇಂಜಿನ್ ತಲೆಯ ಮೇಲಿಟ್ಟರು. ಇಂಜಿನ್ ಎತ್ತರವಾಯಿತು, ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ನಮ್ಮ ದೇಶದಲ್ಲಿ ದಶಕಗಳ ಕಾಲ ಓಡಿದ ‘ಎತ್ತರ ಮೂತಿ’ ಮಹೀಂದ್ರ ಜೀಪು ಇದೇ. ನಮ್ಮ ಗಾಡಿಗೂ ಎತ್ತರದ ಬಾನೆಟ್ಟೇ ಇದೆ. ಆದರೆ ಗಾಜಿನ ಬುಡದಲ್ಲಿ ಎರಡಕ್ಕೂ ಹೊಂದಿಕೆಯಿಲ್ಲ, ನಡುವೆ ಒಂದು ಬೆರಳಗಲ ತಗಡು ಬೆಸೆದಿದ್ದಾರೆ. ಮೇಸ್ತ್ರಿಯವರು ಅದನ್ನು ಬೆರಳಲ್ಲಿ ತಟ್ಟಿ, ‘ಈ ತಲೆ ಈ ಮುಂಡದ್ದಲ್ಲ’ ಎಂದರು. ಜಾಲರಿ, ಬಾನೆಟ್ಟು ಎರಡೂ ಬೇರೊಂದು ಮಹೀಂದ್ರ ಗಾಡಿಯಿಂದ ಬಂದವು ಎಂದಾಯಿತು.

ಐದು, ನಂಬರ್ ಪಟ್ಟಿ. ಇಂಜಿನ್ನಿಗೂ ಕಾಲಿಡುವ ಜಾಗಕ್ಕೂ ನಡುವಿನ ತಗಡಿನ ಮೇಲೆ, ಮೂರು ಪದರ ಬಣ್ಣದ ಕೆಳಗೆ, ರಿವೆಟ್ಟು ಹೊಡೆದ ಪಟ್ಟಿ ಸಿಕ್ಕಿತು. ಸೀರಿಯಲ್ ನಂಬರಿನ ಮೊದಲ ಮೂರು ಅಂಕಿ 451. ಆ ವರ್ಷಗಳ ವಿಲ್ಲೀಸ್ ಪದ್ಧತಿಯಲ್ಲಿ 4 ಎಂದರೆ ನಾಲ್ಕು ಸಿಲಿಂಡರು, 51 ಎಂದರೆ 1951ರ ಮಾದರಿ. ಆರ್.ಸಿ.ಯಲ್ಲಿರುವ ಚಾಸಿ ನಂಬರೂ ಅದೇ. ಒಂದೇ ಗಾಜು, ಬಲಗೈ ಸ್ಟೇರಿಂಗು, 1951 – ಮೂರೂ ಕೂಡಿದ ಮೇಲೆ ಅನುಮಾನ ಉಳಿಯಲಿಲ್ಲ. ಇದು ಯುದ್ಧ ಮುಗಿದ ಆರು ವರ್ಷಕ್ಕೆ ಹುಟ್ಟಿದ ಸಿ.ಜೆ. 3ಎ.

ಆರು, ಇಂಜಿನ್. ಸಿ.ಜೆ. 3ಎಗೆ ಬಂದದ್ದು ಯುದ್ಧಕಾಲದ ಜಾತಿಯದೇ ಪೆಟ್ರೋಲ್ ಇಂಜಿನ್, 2.2 ಲೀಟರಿನದು. ನಮ್ಮದರಲ್ಲಿರುವುದು ‘ಎಂ.ಡಿ. 2350’ ಡೀಸೆಲ್. ಇಂಟರ್‌ನ್ಯಾಷನಲ್ ಬಿ-275 ಟ್ರ್ಯಾಕ್ಟರಿನ ಇಂಜಿನ್ನಿನ ವಂಶದ್ದು ಇದು. ಮಹೀಂದ್ರದವರು 1970ರ ದಶಕದಲ್ಲಿ ತಮ್ಮ ಡೀಸೆಲ್ ಜೀಪಿಗೆ ಹಾಕಿದ್ದರು. ಟ್ರ್ಯಾಕ್ಟರು ಎಂದವರ ಮಾತೂ ನಿಜವೇ ಆಯಿತು. ಬಾನೆಟ್ಟು ಏಕೆ ಬದಲಾಯಿತು ಎಂಬುದಕ್ಕೂ ಉತ್ತರ ಸಿಕ್ಕಿತು. ಈ ಎತ್ತರದ ಇಂಜಿನ್ ಹಳೇ ತಗ್ಗು ಬಾನೆಟ್ಟಿನ ಅಡಿಯಲ್ಲಿ ಕೂರುವುದಿಲ್ಲ.

ಏಳು, ಬೋಲ್ಟುಗಳು. ಇದು ನಮಗೆಲ್ಲ ಆಶ್ಚರ್ಯ ತಂದ ಸಂಗತಿ. ಫೋರ್ಡ್ ಕಂಪನಿಯವರು ಯುದ್ಧದ ಜೀಪು ಮಾಡುವಾಗ ತಮ್ಮ ಬೋಲ್ಟಿನ ತಲೆಯ ಮೇಲೂ ಇಂಗ್ಲಿಷಿನ ‘ಎಫ್’ ಅಕ್ಷರ ಒತ್ತುತ್ತಿದ್ದರು. ನಮ್ಮ ಗಾಡಿಯ ಮುಂದಿನ ಪಟ್ಟಾ ಸ್ಪ್ರಿಂಗಿನ ಹತ್ತಿರ ಅಂಥ ನಾಲ್ಕು ಬೋಲ್ಟು ಸಿಕ್ಕವು. ಯಾರೋ ಯಾವಾಗಲೋ ರಿಪೇರಿಗೆ ಡಿಸ್ಪೋಸಲ್ ಮಾಲು ಬಳಸಿದ್ದಾರೆ. ಗಾಡಿ ಯುದ್ಧಕ್ಕೆ ಹೋಗಿಲ್ಲ, ಆದರೆ ಅದರ ನಾಲ್ಕು ಬೋಲ್ಟು ಯುದ್ಧದ ಜೀಪಿನವು! ಹಿರಿಯರ ಮಾತಿನಲ್ಲೂ ನಾಲ್ಕು ಬೋಲ್ಟಿನಷ್ಟು ಸತ್ಯವಿತ್ತು.

ಎಂಟು, ಹಿಂದಿನ ತೊಟ್ಟಿ. ಹೊನ್ನೆ ಮರದ ಹಲಗೆ, ಕಬ್ಬಿಣದ ಪಟ್ಟಿ. ಇದು ಯಾವ ಕಂಪನಿಯದೂ ಅಲ್ಲ, ನಮ್ಮೂರ ಆಚಾರರ ಕೈಕೆಲಸ. ಜೀಪಿನ ಹಿಂಬದಿ ಕತ್ತರಿಸಿ, ಆಲೂಗೆಡ್ಡೆ ಮೂಟೆ ಹಿಡಿಯುವಂತೆ ಅಳತೆ ಮಾಡಿ ಕೂರಿಸಿದ್ದಾರೆ. ಕಂಪನಿಯವರೇ ಮಾಡಿದ ಪಿಕಪ್ಪು, ಅಂದರೆ ಮೂತಿಯಿಲ್ಲದ ‘ಎಫ್.ಸಿ. 150’, ಮಹೀಂದ್ರದಿಂದ ಬಂದದ್ದು 1960ರ ದಶಕದಲ್ಲಿ. ಅದನ್ನು ಕೊಳ್ಳುವ ಶಕ್ತಿ ಇಲ್ಲದ ರೈತರು ಹಳೇ ಜೀಪನ್ನೇ ಪಿಕಪ್ಪು ಮಾಡಿಕೊಂಡರು.

ಕಾಗದ ಹೇಳಿದ ಕತೆ

ಗಾಡಿಯ ನಂತರ ಕಾಗದ. ಹಳೇ ಆರ್.ಸಿ. ಪುಸ್ತಕ ಮತ್ತು ಆರ್.ಟಿ.ಓ. ಕಛೇರಿಯ ಬಿ-ಎಕ್ಸ್‌ಟ್ರಾಕ್ಟು ಎರಡನ್ನೂ ಎದುರಿಗಿಟ್ಟುಕೊಂಡು ಓದಿದೆವು. ಮೊದಲ ನೋಂದಣಿ 1952, ಸಕಲೇಶಪುರದ ಕಡೆಯ ಒಂದು ಕಾಫಿ ತೋಟದ ಹೆಸರಿಗೆ. ಆಗ ಮಲೆನಾಡಿನ ಕೆಸರು ರಸ್ತೆಗೆ ನಾಲ್ಕು ಚಕ್ರಕ್ಕೂ ಬಲ ಕೊಡುವ ಜೀಪು ಬಿಟ್ಟರೆ ಗತಿಯಿಲ್ಲ. ನಂಬರು ‘ಎಂ.ವೈ.’ ಅಕ್ಷರದಿಂದ ಶುರು, ಅಂದರೆ ಮೈಸೂರು ರಾಜ್ಯದ್ದು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು, ಮುಂದೆ ‘ಸಿ.ಎ.’ ಅಕ್ಷರದ ನಂಬರುಗಳು ಬಂದವು. 1989ರಿಂದ ‘ಕೆ.ಎ.’ ಪದ್ಧತಿ ಬಂದು ಹಾಸನಕ್ಕೆ 13 ಸಿಕ್ಕಿತು. ನಂಬರಿನ ಅಕ್ಷರ ನೋಡಿದರೇ ಗಾಡಿಯ ಕಾಲ ಅಂದಾಜಾಗುತ್ತದೆ.

ಎರಡನೇ ಮಾಲೀಕರು ನಾಲೆ ಕೆಲಸದ ಕಂಟ್ರಾಕ್ಟರು. ಗೊರೂರಿನ ಹೇಮಾವತಿ ಅಣೆಕಟ್ಟು ಪೂರ್ತಿಯಾದದ್ದು 1979ರಲ್ಲಿ. ಅದಕ್ಕೆ ಮುಂಚಿನ ವರ್ಷಗಳಲ್ಲಿ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆಯೆಲ್ಲ ಸರ್ವೆ ಜೀಪು, ಕಂಟ್ರಾಕ್ಟರ ಜೀಪುಗಳದೇ ಧೂಳು. ಇಂದು ಎಡದಂಡೆ, ಬಲದಂಡೆ ನಾಲೆಗಳಲ್ಲಿ ನೀರು ಹರಿಯುವುದನ್ನು ನೋಡುವಾಗ ಆ ಧೂಳಿನಲ್ಲಿ ನಮ್ಮ ಗಾಡಿಯದೂ ಒಂದು ಪಾಲಿತ್ತು ಎಂಬುದು ನಮಗೆ ಸಂತೋಷ.

ಮೂರನೆಯವರು ನಮ್ಮ ತಾತ, 1975. ಇಷ್ಟು ಒಳ್ಳೇ ಗಾಡಿಯನ್ನು ಕಂಟ್ರಾಕ್ಟರು ಏಕೆ ಕೊಟ್ಟರು? 1973ರ ಅಕ್ಟೋಬರಿನಲ್ಲಿ ಅರಬ್ಬರ ಮತ್ತು ಇಸ್ರೇಲಿನ ಯುದ್ಧ ನಡೆಯಿತು. ಆಮೇಲೆ ಕೆಲವೇ ತಿಂಗಳಲ್ಲಿ ಪ್ರಪಂಚದ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕರಷ್ಟಾಯಿತು. ಪೆಟ್ರೋಲ್ ಜೀಪು ಇಟ್ಟವರಿಗೆ ಅದು ಬಿಳಿ ಆನೆ. ಎಲ್ಲೋ ಮರಳುಗಾಡಿನಲ್ಲಿ ನಡೆದ ಯುದ್ಧದಿಂದ ತೋಟದ ಸಾಹುಕಾರರ ಗಾಡಿ ರಾಗಿ ಬೆಳೆಯುವ ರೈತನ ಕೈಗೆ ಬಂತು. ತಾತ ಅದಕ್ಕೆ ತೊಟ್ಟಿ ಕಟ್ಟಿಸಿ ಹಾಸನದ ಮಾರ್ಕೆಟ್ಟಿಗೆ ಆಲೂಗೆಡ್ಡೆ, ಚನ್ನರಾಯಪಟ್ಟಣದ ಕಡೆಯಿಂದ ತೆಂಗಿನಕಾಯಿ, ಅರಕಲಗೂಡಿನ ಕಡೆಗೆ ಗೊಬ್ಬರ ಹೊಡೆದರು. ಪೆಟ್ರೋಲು ಅವರಿಗೂ ಭಾರವಾಗಿ, 1984ರಲ್ಲಿ ಡೀಸೆಲ್ ಇಂಜಿನ್ ಹಾಕಿಸಿದರು. ನಮ್ಮ ಪುಣ್ಯಕ್ಕೆ, ಇಂಜಿನ್ ಬದಲಾದದ್ದೂ ತೊಟ್ಟಿ ಕಟ್ಟಿಸಿದ್ದೂ ಪುಸ್ತಕದಲ್ಲಿ ಷರಾ ಆಗಿ ಮೊಹರು ಬಿದ್ದಿದೆ. ತಾತನಿಗೆ ರುಜು ಮಾಡುವಷ್ಟೇ ಅಕ್ಷರ ಬರುತ್ತಿತ್ತು, ಆದರೆ ಕಾಗದ ಕ್ಲೀನಾಗಿಟ್ಟಿದ್ದರು.

ಬೆಲೆಯ ಪ್ರಶ್ನೆ

ಇಷ್ಟಾದ ಮೇಲೆ ಬೆಂಗಳೂರಿನ ಗಿರಾಕಿ ಮತ್ತೆ ಬಂದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ಅವರು ನಕ್ಕು, ‘ಅದಕ್ಕೇನು ಸ್ವಾಮಿ, ಹಳೇ ಪೆಟ್ರೋಲ್ ಇಂಜಿನ್ ಒಂದು ತರೋಣ, 1942ರ ಪಟ್ಟಿ ಒಂದು ಹೊಡೆಸೋಣ, ಹಿಂದಿನ ತೊಟ್ಟಿ ಕಿತ್ತು ಬಿಸಾಕೋಣ, ಯಾರು ಕೇಳ್ತಾರೆ’ ಎಂದರು. ಚಿಕ್ಕ ತಮ್ಮ ನಮ್ಮ ಮುಖ ನೋಡಿದ. ಅವನ ಕಷ್ಟ ನಮಗೆ ಗೊತ್ತಿಲ್ಲದ್ದೇನಲ್ಲ.

ಕಾನೂನಿನ ಮಾತನ್ನೂ ವಿಚಾರಿಸಿದೆವು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ಮೀರಿದ ಗಾಡಿಗಳಿಗೆ ‘ವಿಂಟೇಜ್’ ನೋಂದಣಿಯ ನಿಯಮ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ಮರುನೋಂದಣಿಗೆ 5,000 ರೂಪಾಯಿ, ನಂಬರಿನಲ್ಲಿ ‘ವಿ.ಎ.’ ಎಂಬ ಅಕ್ಷರ. ಆದರೆ ಗಾಡಿ ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ, ಇಂಜಿನ್ ಗಣನೀಯವಾಗಿ ಬದಲಾಗಿರಬಾರದು. ನಮ್ಮ ಗಾಡಿ ವಯಸ್ಸಿನಲ್ಲಿ ಪಾಸು, ಮೈಯಲ್ಲಿ ಫೇಲು. ಇನ್ನು ಚಾಸಿ ನಂಬರ್ ಪಟ್ಟಿ ತಿದ್ದುವುದು ಎಂದರೆ ಸುಳ್ಳು ದಾಖಲೆ ಸೃಷ್ಟಿಸಿದಂತೆ, ಶಿಕ್ಷೆಯಾಗುವ ಅಪರಾಧ. ಕೊಂಡವರು ನಾಳೆ ಕೋರ್ಟಿಗೆ ಹೋದರೆ ಮಾರಿದವರ ಹೆಸರೂ ಬರುತ್ತದೆ.

ಮನೆಯಲ್ಲಿ ಎರಡು ರಾತ್ರಿ ಮಾತಾಯಿತು. ತಮ್ಮ ಒಂದು ಮಾತು ಹೇಳಿದ: ‘ಅಣ್ಣಾ, ದುಡ್ಡು ಬೇಕು, ಸುಳ್ಳಲ್ಲ. ಆದ್ರೆ ತಾತ ಮೊಹರು ಹಾಕಿಸಿಟ್ಟ ಪುಸ್ತಕ ಸುಳ್ಳು ಮಾಡಿ ನಾನು ಮಗನ್ನ ಓದಿಸ್ಬೇಕಾ?’ ಅಲ್ಲಿಗೆ ತೀರ್ಮಾನವಾಯಿತು. ಅವನ ಪಾಲಿಗೆ ಬರಬಹುದಾಗಿದ್ದ ಹಣವನ್ನು ಉಳಿದ ಇಬ್ಬರು ಎರಡು ವರ್ಷದ ತೆಂಗಿನ ಫಸಲಿನಲ್ಲಿ ಕೊಡುವುದೆಂದೂ, ಮೊದಲ ಕಂತು ಫೀಸಿನ ಹೊತ್ತಿಗೇ ಕೊಡುವುದೆಂದೂ ಒಪ್ಪಿಗೆಯಾಯಿತು, ಕೊಟ್ಟೂ ಆಯಿತು. ಪಾಲುಪಟ್ಟಿಯಲ್ಲಿ ಗಾಡಿಯ ಸಾಲು ಹೀಗೆ ಬರೆಸಿದೆವು: ‘1951ನೇ ಮಾದರಿ ವಿಲ್ಲೀಸ್ ಸಿ.ಜೆ. 3ಎ ಚಾಸಿ, ಮುಂಬಯಿಯಲ್ಲಿ ಮಹೀಂದ್ರದವರ ಜೋಡಣೆ, ಎಂ.ಡಿ. 2350 ಡೀಸೆಲ್ ಇಂಜಿನ್, 3ಬಿ ಬಾನೆಟ್ಟು, ಊರಲ್ಲಿ ಮಾಡಿದ ಮರದ ತೊಟ್ಟಿ. ಮೂವರಿಗೂ ಸೇರಿದ್ದು, ಮಾರತಕ್ಕದ್ದಲ್ಲ.’

ಸದಸ್ಯರಲ್ಲಿ ಅರಿಕೆ

ಬಿಡಿ ಭಾಗ ಬೇರೆ ಬೇರೆಯಾದ ಗಾಡಿಯನ್ನು ಪೇಟೆಯವರು ‘ಕಿಚಡಿ’ ಅನ್ನುತ್ತಾರೆ. ಬೆಲೆ ಕಟ್ಟುವವರಿಗೆ ಅದು ಕುಂದು ಇರಬಹುದು. ರೈತನ ಗಾಡಿಯಲ್ಲಿ ಒಂದೊಂದು ಬದಲಾವಣೆಗೂ ಒಂದು ಕಾರಣ ಇರುತ್ತದೆ: ಒಂದು ಬೆಲೆ ಏರಿಕೆ, ಒಂದು ಬೆಳೆ, ಒಂದು ರಸ್ತೆ. ಅದನ್ನು ಕಿತ್ತು ಹೊಸದಾಗಿ ಮಾಡಿದರೆ ಕತೆಯೇ ಹೋಗುತ್ತದೆ.

ನಿಮ್ಮ ಶೆಡ್ಡುಗಳಲ್ಲೂ ಹಳೇ ಜೀಪು, ಫಾರ್ಗೊ, ಮೆಟಡಾರು, ಹಳೇ ಟ್ರ್ಯಾಕ್ಟರು ನಿಂತಿರಬಹುದು. ಗುಜರಿಗೆ ಹಾಕುವುದೇ ಆದರೆ ಹಾಕಿ, ಮನೆಯ ಕಷ್ಟಸುಖ ನಿಮಗೆ ಗೊತ್ತು. ಆದರೆ ಹಾಕುವ ಮುಂಚೆ ನಂಬರ್ ಪಟ್ಟಿಯನ್ನು ಒರೆಸಿ ಬರೆದುಕೊಳ್ಳಿ, ಬಿ-ಎಕ್ಸ್‌ಟ್ರಾಕ್ಟು ತೆಗೆಸಿ, ಯಾವ ಭಾಗ ಯಾವಾಗ ಬದಲಾಯಿತೆಂದು ಬಲ್ಲ ಹಿರಿಯರನ್ನು ಅವರು ಇರುವಾಗಲೇ ಕೇಳಿ. ಗಾಡಿಯ ಮಾಲೀಕರು ತೀರಿಕೊಂಡಿದ್ದರೆ 30 ದಿನದಲ್ಲಿ ಆರ್.ಟಿ.ಓ.ಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಅರ್ಜಿ ಹಾಕಬೇಕು. ಬಹಳ ಮನೆಗಳಲ್ಲಿ ಇದು ಬಿಟ್ಟುಹೋಗಿ ಆಮೇಲೆ ಓಡಾಟವಾಗುತ್ತದೆ. ಅಂಥ ಕಾಗದಗಳ ಒಂದು ಜೆರಾಕ್ಸ್ ಪ್ರತಿಯನ್ನು ಸಂಘದ ಕಛೇರಿಯಲ್ಲಿ ಕೊಟ್ಟರೆ ಒಂದು ಫೈಲು ಮಾಡಿ ಇಡೋಣ ಎಂದು ನಮ್ಮ ಸಲಹೆ. ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ವಿಷಯ ಮಂಡಿಸುತ್ತೇವೆ. ಸಂಘದ ಸುವರ್ಣ ಮಹೋತ್ಸವಕ್ಕೆ ಬರೆಯುವವರಿಗೆ ಅದು ಉಪಯೋಗಕ್ಕೆ ಬಂದೀತು.